ಕಾಮಿಂಟರ್ನ್: ಯಾವುದು, ಯಾವುದಲ್ಲ

ಕಾಲೇಜು ಫೀಸು ಜಾಸ್ತಿ ಆಯ್ತು ಅಂತ ಹುಡುಗರು ಧರಣಿ ಕೂತರೆ ಅದು ಕಾಮಿಂಟರ್ನ್ ಕೈವಾಡ. ಚೀನಾ ಎಲ್ಲೋ ಬಂದರು ಕಟ್ಟಿದರೆ ಅದು ಕಾಮಿಂಟರ್ನ್ ಸಂಚು. ಮೊನ್ನೆ ಬಂದ ಒಂದು ಫಾರ್ವರ್ಡ್ ಪ್ರಕಾರ 1962ರ ಯುದ್ಧಕ್ಕೂ ಕಾಮಿಂಟರ್ನೇ ಆದೇಶ ಕೊಟ್ಟಿದ್ದಂತೆ. ಲೋಕದ ಕಮ್ಯುನಿಸ್ಟ್ ಪಾರ್ಟಿಗಳನ್ನೆಲ್ಲ ಮಾಸ್ಕೋದಿಂದ ನಡೆಸುತ್ತಿದ್ದ, 1943ರಲ್ಲೇ ಬಾಗಿಲು ಹಾಕಿದ ಸಂಸ್ಥೆ 1962ರಲ್ಲಿ ಹೇಗೆ ಆದೇಶ ಕೊಟ್ಟಿತು ಅಂತ ಕೇಳಿದೆ. "ಹೆಸರಲ್ಲೇನಿದೆ ಬಿಡಿ ಸಾರ್, ಎಲ್ಲಾ ಒಂದೇ" ಅಂತ ಉತ್ತರ ಬಂತು. ಒಂದೇ ಅಲ್ಲ ಸಾರ್.

ಮೊದಲು ಹೆಸರನ್ನೇ ಬಿಡಿಸೋಣ. 1917ರ ನಂತರದ ರಷ್ಯನ್ನರಿಗೆ ಒಂದು ಚಟ ಇತ್ತು. ಉದ್ದುದ್ದ ಹೆಸರುಗಳ ಮೊದಲ ತುಣುಕುಗಳನ್ನು ಕತ್ತರಿಸಿ ಒಂದಕ್ಕೊಂದು ಅಂಟಿಸೋದು. ಯುವಜನರ ಸಂಘ ಕೊಮ್ಸೊಮೋಲ್ ಆಯಿತು, ಸಾಮೂಹಿಕ ಬೇಸಾಯದ ಜಮೀನು ಕೊಲ್ಖೋಜ್ ಆಯಿತು. ಗುಲಾಗ್ ಕೂಡ ಹೀಗೇ ಹುಟ್ಟಿದ ಪದ, ಅದು ಮೂಲದಲ್ಲಿ ಶಿಬಿರಗಳನ್ನು ನಡೆಸುವ ಇಲಾಖೆಯ ಹೆಸರು. ಅದೇ ರೀತಿ ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್ ಅನ್ನೋದು ಕೊಮಿಂತೆರ್ನ್ ಆಗಿ, ಇಂಗ್ಲಿಷ್ ಹಾದಿಯಲ್ಲಿ ನಮ್ಮ ಹತ್ತಿರ ಕಾಮಿಂಟರ್ನ್ ಆಗಿ ಬಂತು. (ಇಂಟರ್ನ್‌ಶಿಪ್ ಮಾಡೋ ಕಾಮ್ರೇಡ್ ಅಂದುಕೊಂಡವರೂ ಇದ್ದಾರೆ. ಅವರ ತಂಟೆಗೆ ಹೋಗಲ್ಲ.) ಇದಕ್ಕೆ ಅಕ್ಕ ತಂಗಿಯರೂ ಇದ್ದರು. ಕಾರ್ಮಿಕ ಸಂಘಗಳಿಗೆ 1921ರಲ್ಲಿ ಪ್ರೊಫಿಂಟರ್ನ್, ರೈತರಿಗೆ 1923ರಲ್ಲಿ ಕ್ರೆಸ್ಟಿಂಟರ್ನ್, ಆಟೋಟಕ್ಕೂ ಒಂದು ಸ್ಪೋರ್ಟಿಂಟರ್ನ್.

ಈಗ ಇನ್ನೊಂದು ಪದ ನೋಡಿ: ನರ್ಕೊಮಿಂದೇಲ್. ಕೇಳೋಕೆ ಕಾಮಿಂಟರ್ನ್‌ನ ದಾಯಾದಿ ಥರ ಇದೆ ಅಲ್ವಾ? ಅಲ್ಲ. ಇಲ್ಲಿರೋ 'ಕೊಮ್' ಕಮ್ಯುನಿಸ್ಟ್ ಅಲ್ಲ, ಕಮಿಸಾರಿಯಟ್, ಅಂದರೆ ಸಚಿವಾಲಯ. 'ನರ್' ಅಂದರೆ ಜನರದ್ದು, 'ಇನ್' ಅಂದರೆ ವಿದೇಶ, 'ದೇಲ್' ಅಂದರೆ ವ್ಯವಹಾರ. ಒಟ್ಟಿನಲ್ಲಿ ವಿದೇಶಾಂಗ ಇಲಾಖೆ. ಒಂದು ಪಾರ್ಟಿಗಳ ಕೂಟ, ಇನ್ನೊಂದು ಸರ್ಕಾರದ ಇಲಾಖೆ. ಎರಡೂ ಇದ್ದದ್ದು ಮಾಸ್ಕೋದಲ್ಲಿ. ನಮ್ಮ ಜನ ಕಲಸಿಹಾಕೋದು ಇವೆರಡನ್ನೇ. ಹಾಗೆ ಕಲಸಿದರೆ ಸೋವಿಯತ್ ಒಕ್ಕೂಟ ತನ್ನ ಸಿದ್ಧಾಂತವನ್ನು ಹೊರಗೆ ಹೇಗೆ ಹಬ್ಬಿಸಿತು ಅನ್ನೋದು ಅರ್ಥವೇ ಆಗೋದಿಲ್ಲ. ಇಡೀ ವ್ಯವಸ್ಥೆ ನಿಂತಿದ್ದೇ ಇವೆರಡೂ ಬೇರೆ ಬೇರೆ ಅನ್ನೋ ಮಾತಿನ ಮೇಲೆ.

ಇಂಟರ್‌ನ್ಯಾಷನಲ್ ಅನ್ನೋದು ಇಲ್ಲಿ ವಿಶೇಷಣ ಅಲ್ಲ, ನಾಮಪದ: ಹಲವು ದೇಶಗಳ ಕಾರ್ಮಿಕ ಸಂಘಟನೆಗಳ ಕೂಟ. ಮೊದಲನೆಯದು 1864ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ್ದು, ಮಾರ್ಕ್ಸ್ ಇದ್ದದ್ದು ಅದರಲ್ಲಿ. ಎರಡನೆಯದು 1889ರದ್ದು. 1914ರಲ್ಲಿ ಮಹಾಯುದ್ಧ ಶುರುವಾದಾಗ ಅದರ ದೊಡ್ಡ ದೊಡ್ಡ ಪಾರ್ಟಿಗಳು ತಂತಮ್ಮ ಸರ್ಕಾರದ ಯುದ್ಧಕ್ಕೆ ಕೈ ಎತ್ತಿದವು, ಅಲ್ಲಿಗೆ ಅದರ ಕಥೆ ಮುಗಿದಂತೆ. ಮೂರನೆಯದೇ ನಮ್ಮ ಕಾಮಿಂಟರ್ನ್. 1919ರ ಮಾರ್ಚ್, ಕ್ರೆಮ್ಲಿನ್. ಹಿಂದಿನದು ಒಡೆದುಹೋದ ಸಿಟ್ಟಿನಲ್ಲಿ ಇದನ್ನು ಒಕ್ಕೂಟವಾಗಿ ಕಟ್ಟಲೇ ಇಲ್ಲ. ಇಡೀ ಜಗತ್ತಿಗೆ ಒಂದೇ ಪಾರ್ಟಿ, ದೇಶದ ಪಾರ್ಟಿಗಳೆಲ್ಲ ಅದರ ಶಾಖೆಗಳು. 1920ರ ಎರಡನೇ ಮಹಾಸಭೆ 21 ಷರತ್ತು ಹಾಕಿತು: ಮಾಸ್ಕೋದ ತೀರ್ಮಾನಕ್ಕೆ ಬದ್ಧರಾಗಿರಬೇಕು, ಸೋವಿಯತ್ ಗಣರಾಜ್ಯಗಳಿಗೆ ಬೆಂಬಲ ಕೊಡಬೇಕು, ಹೆಸರು ಇಂಥದ್ದೇ ಇರಬೇಕು. ಹೆಸರಿನ ವಿಷಯಕ್ಕೆ ನಮ್ಮಲ್ಲೂ ಒಂದು ಜಗಳ ನಡೆಯಿತು. 1925ರ ಕಾನ್ಪುರ ಸಮ್ಮೇಳನದಲ್ಲಿ ಸತ್ಯಭಕ್ತ ಅನ್ನುವವರು 'ಇಂಡಿಯನ್ ಕಮ್ಯುನಿಸ್ಟ್ ಪಾರ್ಟಿ' ಅಂತಲೇ ಇರಲಿ ಅಂದರು. ಉಳಿದವರು ಒಪ್ಪಲಿಲ್ಲ, 'ಕಮ್ಯುನಿಸ್ಟ್ ಪಾರ್ಟಿ ಆಫ್ ಇಂಡಿಯಾ' ಅಂದರು. ಸುಮ್ನೆ ಪದ ಹಿಂದೆ ಮುಂದೆ ಮಾಡಿದ್ದಲ್ಲ. ಮೊದಲನೆಯದು ಭಾರತದವರ ಪಾರ್ಟಿ, ಎರಡನೆಯದು ಒಂದು ಜಾಗತಿಕ ಪಾರ್ಟಿಯ ಭಾರತ ಶಾಖೆ. ಸತ್ಯಭಕ್ತ ಎದ್ದು ಹೋದರು.

ಈಗ ಅಸಲಿ ಗೊಂದಲಕ್ಕೆ ಬರೋಣ. ಕ್ರಾಂತಿ ಮಾಡಿಕೊಂಡ ದೇಶಕ್ಕೆ ಗೋಧಿ ಬೇಕು, ಯಂತ್ರ ಬೇಕು, ಸಾಲ ಬೇಕು. ಅದನ್ನೆಲ್ಲ ಕೊಡಬೇಕಾದವರು ಯಾರು? ಯಾರ ಸರ್ಕಾರಗಳನ್ನು ಉರುಳಿಸಬೇಕು ಅಂತ ಲೆನಿನ್ ಹೇಳುತ್ತಿದ್ದರೋ ಅವರೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹಾಗಾಗಿ ವಿದೇಶಾಂಗ ಕಮಿಸಾರ್ ಚಿಚೆರಿನ್ ಕೋಟು ಹಾಕಿಕೊಂಡು ಒಪ್ಪಂದಕ್ಕೆ ಸಹಿ ಮಾಡೋದು, ಕಾಮಿಂಟರ್ನ್ ಅಧ್ಯಕ್ಷ ಜಿನೋವಿಯೆವ್ ಕ್ರಾಂತಿಯ ಭಾಷಣ ಮಾಡೋದು.

ಬ್ರಿಟನ್ ಜೊತೆಗಿನ 1921ರ ಮಾರ್ಚ್ ವಾಣಿಜ್ಯ ಒಪ್ಪಂದವನ್ನೇ ತಗೊಳ್ಳಿ. ಅದು ವ್ಯಾಪಾರದ ಕಾಗದ. ಆದರೆ ಅದರಲ್ಲೇ ಒಂದು ಷರತ್ತು ಕೂತಿದೆ: ಏಷ್ಯಾದ ಜನರನ್ನು, ಮುಖ್ಯವಾಗಿ ಭಾರತ ಮತ್ತು ಅಫ್ಘಾನಿಸ್ತಾನದವರನ್ನು, ಬ್ರಿಟಿಷರ ವಿರುದ್ಧ ಎತ್ತಿಕಟ್ಟುವ ಪ್ರಚಾರ ಸೋವಿಯತ್ ಸರ್ಕಾರ ಮಾಡಬಾರದು. ಅದೇ ಹೊತ್ತಿಗೆ ತಾಷ್ಕೆಂಟಿನಲ್ಲಿ ಕಾಮಿಂಟರ್ನ್ ಸೇರಿದ್ದ ಬಂಗಾಳದ ಕ್ರಾಂತಿಕಾರಿ ಎಂ.ಎನ್. ರಾಯ್ ಭಾರತೀಯ ಹುಡುಗರಿಗೆ ಒಂದು ಸೈನಿಕ ಶಾಲೆ ನಡೆಸುತ್ತಿದ್ದರು. ಹುಡುಗರಲ್ಲಿ ಹೆಚ್ಚಿನವರು ಖಿಲಾಫತ್ ಉಳಿಸೋಕೆ ಅಂತ 1920ರಲ್ಲಿ ಮನೆ ಬಿಟ್ಟು ತುರ್ಕಿಯ ಕಡೆ ಹೊರಟು, ನಡುದಾರಿಯಲ್ಲಿ ಬೋಲ್ಶೆವಿಕರ ಕೈಗೆ ಸಿಕ್ಕ ಮುಹಾಜಿರರು. ಒಪ್ಪಂದ ಆದ ವರ್ಷವೇ ಶಾಲೆ ಮುಚ್ಚಿತು, ಕೆಲವರನ್ನು ಮಾಸ್ಕೋದ ಪೂರ್ವದೇಶಗಳ ಶ್ರಮಿಕರ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಬಂದೂಕಿನ ಪಾಠ ನಿಂತಿತು, ಪುಸ್ತಕದ ಪಾಠ ಮುಂದುವರಿಯಿತು.

ಬ್ರಿಟಿಷರು ಸುಮ್ಮನಿರಲಿಲ್ಲ. ಇದು ಒಪ್ಪಂದದ ಉಲ್ಲಂಘನೆ ಅಂತ ಬ್ರಿಟನ್ನಿನ ವಿದೇಶಾಂಗ ಮಂತ್ರಿ ಕರ್ಜನ್ ದೂರು ಕಳಿಸಿದರು. ಅದಕ್ಕೆ 1921ರ ಸೆಪ್ಟೆಂಬರಿನಲ್ಲಿ ಮಾಸ್ಕೋದಿಂದ ಬಂದ ಉತ್ತರ ವಕೀಲರು ಮೆಚ್ಚುವಂಥದ್ದು. ಕಾಮಿಂಟರ್ನ್ ಕಚೇರಿ ನಮ್ಮೂರಲ್ಲಿದೆ, ನಮ್ಮ ಕೆಲವರು ಅದರಲ್ಲಿದ್ದಾರೆ, ಅಷ್ಟಕ್ಕೇ ಅದು ನಮ್ಮ ಸರ್ಕಾರ ಆಗುತ್ತದಾ? ಎರಡನೇ ಇಂಟರ್‌ನ್ಯಾಷನಲ್ ಬ್ರಸೆಲ್ಸಿನಲ್ಲಿತ್ತು, ಬೆಲ್ಜಿಯಂ ಮಂತ್ರಿಯೇ ಅದರ ಸಮಿತಿಯಲ್ಲಿದ್ದರು, ಆಗ ಬೆಲ್ಜಿಯಂ ಸರ್ಕಾರವನ್ನು ಹೊಣೆ ಮಾಡಿದಿರಾ? ವಾದ ಚೆನ್ನಾಗಿದೆ, ಯಾರೂ ನಂಬಲಿಲ್ಲ. 1923ರಲ್ಲಿ ಕರ್ಜನ್ ಮತ್ತೆ ಗುಡುಗಿದಾಗ ಸೋವಿಯತ್ತರ ಗುಪ್ತ ತಂತಿಗಳ ಸಾಲುಗಳನ್ನೇ ಎತ್ತಿ ಬರೆದರು, ಕದ್ದು ಓದುತ್ತಿದ್ದೇವೆ ಅಂತ ತಾವೇ ಹೇಳಿಕೊಂಡಂತಾಯಿತು. ಕಾಬೂಲಿನ ಸೋವಿಯತ್ ರಾಯಭಾರಿ ರಸ್ಕೋಲ್ನಿಕೋವ್ ಕೊನೆಗೆ ಅಲ್ಲಿಂದ ಹೊರಡಬೇಕಾಯಿತು.

ಸರ್ಕಾರ, ಕಾಮಿಂಟರ್ನ್ ಅನ್ನುವ ಈ ಎರಡು ಕೈಗಳು ಒಂದಕ್ಕೊಂದು ಡಿಕ್ಕಿ ಹೊಡೆದದ್ದನ್ನು ನೋಡಬೇಕಾದರೆ ಚೀನಾಕ್ಕೆ ಹೋಗಬೇಕು. 1923ರ ಜನವರಿಯಲ್ಲಿ ಸೋವಿಯತ್ ರಾಜತಾಂತ್ರಿಕ ಯೋಫೆ, ಚೀನಾದ ರಾಷ್ಟ್ರೀಯವಾದಿ ನಾಯಕ ಸನ್ ಯಾತ್ ಸೆನ್ ಜೊತೆ ಒಂದು ಜಂಟಿ ಹೇಳಿಕೆ ಕೊಟ್ಟ. ಚೀನಾಕ್ಕೆ ಸೋವಿಯತ್ ವ್ಯವಸ್ಥೆ ಹೊಂದೋದಿಲ್ಲ ಅಂತ ಅದರಲ್ಲೇ ಇದೆ. ಆಮೇಲೆ ಮಾಸ್ಕೋದ ಸಲಹೆಗಾರ ಬೊರೊದಿನ್ ಬಂದು ಸನ್‌ನ ಕುವೊಮಿಂತಾಂಗ್ ಪಾರ್ಟಿಯನ್ನು ಬೋಲ್ಶೆವಿಕ್ ಮಾದರಿಯಲ್ಲಿ ಕಟ್ಟಿಕೊಟ್ಟ, ಚೀನೀ ಕಮ್ಯುನಿಸ್ಟರಿಗೆ ಆ ಪಾರ್ಟಿಯ ಒಳಗೇ ಇರಿ ಅಂತ ಅಪ್ಪಣೆ ಆಯಿತು. ಆ ಪಾರ್ಟಿಯ ಸೇನಾನಾಯಕ ಚಿಯಾಂಗ್ ಕೈ ಶೇಕ್‌ಗೆ ಕಾಮಿಂಟರ್ನ್‌ನಲ್ಲಿ ಗೌರವ ಸದಸ್ಯತ್ವ ಬೇರೆ. 1927ರ ಏಪ್ರಿಲಿನಲ್ಲಿ ಅದೇ ಚಿಯಾಂಗ್ ಶಾಂಘೈನಲ್ಲಿ ಕಮ್ಯುನಿಸ್ಟರನ್ನು ಕೊಚ್ಚಿಹಾಕಿದ.

ಆಗ ವುಹಾನಿನಲ್ಲಿ ಕುವೊಮಿಂತಾಂಗ್‌ನ ಎಡಬಣ ಇತ್ತು, ವಾಂಗ್ ಜಿಂಗ್‌ವೈ ಅದರ ನಾಯಕ. ಕಾಮಿಂಟರ್ನ್ ಪ್ರತಿನಿಧಿಯಾಗಿ ಅಲ್ಲಿದ್ದದ್ದು ನಮ್ಮ ಎಂ.ಎನ್. ರಾಯ್. ಸ್ಟಾಲಿನ್ ಕಡೆಯಿಂದ ತಂತಿ ಬಂತು: ಜಮೀನು ವಶ ಮಾಡಿಕೊಳ್ಳಿ, ಕಮ್ಯುನಿಸ್ಟರದ್ದೇ ಸೈನ್ಯ ಕಟ್ಟಿ, ಕುವೊಮಿಂತಾಂಗ್‌ನ ಹಳಬರನ್ನು ಬದಲಾಯಿಸಿ. ಬೊರೊದಿನ್ ಇದನ್ನು ಅದುಮಿಟ್ಟುಕೊಳ್ಳೋಣ ಅಂದುಕೊಂಡ. ರಾಯ್ ಆ ತಂತಿಯನ್ನು ತಗೊಂಡುಹೋಗಿ ವಾಂಗ್ ಜಿಂಗ್‌ವೈಗೇ ತೋರಿಸಿಬಿಟ್ಟರು! ನಂಬಿಕೆ ಗಳಿಸೋಕೆ ಹಾಗೆ ಮಾಡಿದರಂತೆ. ಯಾರನ್ನು ಬದಲಾಯಿಸಬೇಕು ಅಂತ ಬರೆದಿದೆಯೋ ಅವನಿಗೇ ತೋರಿಸಿದರೆ ಇನ್ನೇನಾಗುತ್ತದೆ? ಕೆಲವೇ ವಾರಗಳಲ್ಲಿ ವುಹಾನ್ ಕೂಡ ಕೈ ತಪ್ಪಿತು. ರಾಯ್ ಅವರನ್ನು ಮಹಾ ಚಾಣಾಕ್ಷ ಅಂತ ಹೊಗಳುವವರು ಈ ಪುಟವನ್ನು ಬೇಗ ಮಗುಚುತ್ತಾರೆ.

ಎರಡು ಕೈಗಳಲ್ಲಿ ಗೆದ್ದದ್ದು ಯಾವುದು? ಸರ್ಕಾರದ ಕೈ, ಅದರಲ್ಲಿ ನನಗೆ ಅನುಮಾನ ಇಲ್ಲ. ಜಗತ್ತಿನ ಕ್ರಾಂತಿಗೆ ಅಂತ ಹುಟ್ಟಿದ ಕಾಮಿಂಟರ್ನ್ ಇಪ್ಪತ್ತು ವರ್ಷದಲ್ಲಿ ಸೋವಿಯತ್ ವಿದೇಶಾಂಗ ನೀತಿಯ ಹಿಂದೆ ಹಿಂದೆ ನಡೆಯುವಂತಾಯಿತು. 1928ರಲ್ಲಿ ಸಮಾಜವಾದಿಗಳೇ ದೊಡ್ಡ ಶತ್ರು. 1935ರಲ್ಲಿ ಹಿಟ್ಲರ್ ಭಯ, ಆಗ ಅದೇ ಸಮಾಜವಾದಿಗಳ ಜೊತೆ ಜನರಂಗ ಕಟ್ಟಿ ಅಂತ ಕಾಮಿಂಟರ್ನ್ ಮುಖ್ಯಸ್ಥ ದಿಮಿತ್ರೋವ್ ಕರೆ. 1939ರಲ್ಲಿ ಹಿಟ್ಲರ್ ಜೊತೆ ಒಪ್ಪಂದ ಆದದ್ದೇ ತಡ, ಯುದ್ಧ ಸಾಮ್ರಾಜ್ಯಶಾಹಿಗಳದ್ದಾಯಿತು. 1941ರ ಜೂನಿನಲ್ಲಿ ಹಿಟ್ಲರ್ ರಷ್ಯಾದ ಮೇಲೆ ಬಿದ್ದ, ಯುದ್ಧ ಜನಯುದ್ಧವಾಯಿತು. ಕ್ವಿಟ್ ಇಂಡಿಯಾ ಚಳವಳಿಗೆ ನಮ್ಮ ಕಮ್ಯುನಿಸ್ಟರು ಕೈಜೋಡಿಸದೆ ಇದ್ದದ್ದರ ಹಿಂದೆ ಇರೋದು ಈ ಕೊನೆಯ ತಿರುವು. ಈ ನಡುವೆಯೇ, 1936ರಲ್ಲಿ, ಅಮೆರಿಕದ ಪತ್ರಕರ್ತ ರಾಯ್ ಹೊವರ್ಡ್‌ಗೆ ಸ್ಟಾಲಿನ್ ಹೇಳಿದ್ದು: ಕ್ರಾಂತಿಯ ರಫ್ತು ಅನ್ನೋದೇ ಅರ್ಥವಿಲ್ಲದ ಮಾತು. ಕಾಮಿಂಟರ್ನ್‌ಗೆ ದುಡಿದವರಿಗೂ ಮಾಸ್ಕೋದಲ್ಲಿ ನೆಮ್ಮದಿ ಸಿಗಲಿಲ್ಲ. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರ ಭಾವ ವೀರೇಂದ್ರನಾಥ ಚಟ್ಟೋಪಾಧ್ಯಾಯ ಬರ್ಲಿನ್ನಿನಲ್ಲಿ ಸಾಮ್ರಾಜ್ಯಶಾಹಿ ವಿರೋಧಿ ಲೀಗ್ ಕಚೇರಿ ನೋಡಿಕೊಂಡವರು. 1937ರಲ್ಲಿ ಅವರನ್ನು ಗುಂಡಿಟ್ಟು ಕೊಂದದ್ದು ಸ್ಟಾಲಿನ್ನನ ಪೊಲೀಸರೇ.

ವಿರೋಧಿಗಳಿಗೂ ಈ ವ್ಯತ್ಯಾಸ ಉಪಯೋಗಕ್ಕೆ ಬಂತು. 1936ರಲ್ಲಿ ಜರ್ಮನಿ ಮತ್ತು ಜಪಾನ್ ಮಾಡಿಕೊಂಡದ್ದು ಕಾಮಿಂಟರ್ನ್ ವಿರೋಧಿ ಒಪ್ಪಂದ, ಬಹಿರಂಗ ಪಠ್ಯದ ಗುರಿ ಕಾಮಿಂಟರ್ನ್ ಮಾತ್ರ. ಸೋವಿಯತ್ ಒಕ್ಕೂಟದ ಮಾತು ಇದ್ದದ್ದು ಗುಪ್ತ ಅನುಬಂಧದಲ್ಲಿ. ಮೂರು ವರ್ಷ ಆದ ಮೇಲೆ ಮಾಸ್ಕೋದಲ್ಲಿ ಕೂತು ಹಿಟ್ಲರನ ವಿದೇಶಾಂಗ ಮಂತ್ರಿ ರಿಬ್ಬೆನ್‌ಟ್ರಾಪ್ ಸ್ಟಾಲಿನ್‌ಗೆ ಬರ್ಲಿನ್ನಿನ ಜೋಕು ಹೇಳಿದ: ಸ್ಟಾಲಿನ್ನೂ ಸದ್ಯದಲ್ಲೇ ಆ ಒಪ್ಪಂದಕ್ಕೆ ಸೇರುತ್ತಾರಂತೆ.

ನಮ್ಮ ಕಡೆಗೂ ಒಂದು ಕೊಂಡಿ ಇದೆ. 1926ರ ಕೊನೆಗೆ ಫಿಲಿಪ್ ಸ್ಪ್ರಾಟ್ ಅನ್ನುವ ಇಂಗ್ಲಿಷ್ ಯುವಕ ಕಾಮಿಂಟರ್ನ್ ಕೆಲಸದ ಮೇಲೆ ಭಾರತಕ್ಕೆ ಬಂದ. 1929ರಲ್ಲಿ ಮೀರತ್ ಪಿತೂರಿ ಮೊಕದ್ದಮೆಯಲ್ಲಿ ಸಿಕ್ಕಿಬಿದ್ದ. ಮೊದಲು 12 ವರ್ಷದ ಶಿಕ್ಷೆ, ಅಪೀಲಿನಲ್ಲಿ ಎರಡಕ್ಕೆ ಇಳಿಯಿತು. ಜೈಲಿನಲ್ಲಿ ಓದಿ ಓದಿ ಮನಸ್ಸು ಬದಲಾಯಿತು. ಆಮೇಲೆ ಬೆಂಗಳೂರಿಗೆ ಬಂದು ನೆಲೆಸಿ 'ಮೈಸಿಂಡಿಯಾ' ಅನ್ನುವ ವಾರಪತ್ರಿಕೆ ನಡೆಸಿದ, ಅದೂ ಕಮ್ಯುನಿಸಂ ಅನ್ನು ಬೈಯುವ ಪತ್ರಿಕೆ. ಕಾಮಿಂಟರ್ನ್ ಏಜೆಂಟ್ ಅಂತ ಬೈಯೋಕೆ ಬೆಂಗಳೂರಿನಲ್ಲಿ ನಿಜವಾದ ಒಬ್ಬ ಬೇಕಿದ್ದರೆ ಇವನಿದ್ದ, ಆದರೆ ಅಷ್ಟರಲ್ಲಿ ಅವನು ಬೈಯುವವರ ಕಡೆ ಸೇರಿದ್ದ.

1943ರ ಮೇ ತಿಂಗಳಲ್ಲಿ ಸ್ಟಾಲಿನ್ ಕಾಮಿಂಟರ್ನ್ ಮುಚ್ಚಿಸಿದ, ಅಮೆರಿಕ ಬ್ರಿಟನ್ ಈಗ ಮಿತ್ರರು ನೋಡಿ. ಅದರ ಕೆಲಸ, ಜನ ಎಲ್ಲಾ ಸೋವಿಯತ್ ಪಾರ್ಟಿಯ ಕೇಂದ್ರ ಸಮಿತಿಯ ಒಂದು ವಿಭಾಗಕ್ಕೆ ಹೋಯಿತು. ಮುಂದೆ ಅಂತರರಾಷ್ಟ್ರೀಯ ವಿಭಾಗ ಅನ್ನುವ ಹೆಸರಿನಲ್ಲಿ ಪೊನೊಮರ್ಯೋವ್ 1955ರಿಂದ 1986ರವರೆಗೆ ನೋಡಿಕೊಂಡದ್ದು ಇದನ್ನೇ. 1947ರ ಕಾಮಿನ್‌ಫಾರ್ಮ್ ಬೇರೆಯದೇ ಸಂಸ್ಥೆ: ಒಂಬತ್ತೇ ಪಾರ್ಟಿ, ಎಲ್ಲಾ ಯುರೋಪಿನವು, 1956ರಲ್ಲಿ ಮುಕ್ತಾಯ. ಭಾರತದ ಪಾರ್ಟಿ ಅದರ ಸದಸ್ಯ ಅಲ್ಲ. ಆದರೂ 1950ರ ಜನವರಿಯಲ್ಲಿ ಅದರ ಪತ್ರಿಕೆಯಲ್ಲಿ ಬಂದ ಒಂದು ಸಂಪಾದಕೀಯಕ್ಕೆ ನಮ್ಮಲ್ಲಿ ಪಾರ್ಟಿಯ ದಾರಿಯೇ ಬದಲಾಯಿತು. ಕೊಮೆಕಾನ್ ಆರ್ಥಿಕ ಕೂಟ, ವಾರ್ಸಾ ಒಪ್ಪಂದ ಸೈನ್ಯದ ಕೂಟ. ಇವು ಯಾವುವೂ ಕಾಮಿಂಟರ್ನ್ ಅಲ್ಲ.

ಚೀನಾ ಅಂತೂ ಇಂಥ ಕೂಟ ಕಟ್ಟಲೇ ಇಲ್ಲ. ಆದರೆ ಸರ್ಕಾರದ ಸಂಬಂಧ ಬೇರೆ, ಪಾರ್ಟಿಗಳ ಸಂಬಂಧ ಬೇರೆ ಅನ್ನುವ ಹಳೇ ಪಾಠವನ್ನು ಮರೆಯಲಿಲ್ಲ. ಮಲಯಾದ (ಈಗಿನ ಮಲೇಷ್ಯಾದ ಕಡೆಯ) ಕಮ್ಯುನಿಸ್ಟ್ ಗೆರಿಲ್ಲಾಗಳ ರೇಡಿಯೊ 1969ರಿಂದ ಪ್ರಸಾರ ಆಗುತ್ತಿದ್ದದ್ದು ಮಲಯಾದ ಕಾಡಿನಿಂದ ಅಲ್ಲ, ಚೀನಾದ ಹುನಾನ್‌ನಿಂದ. 1978ರಲ್ಲಿ ಚೀನಾದ ನಾಯಕ ದೆಂಗ್ ಶಿಯಾವೊಪಿಂಗ್ ಸಿಂಗಪುರಕ್ಕೆ ಹೋದ, ವಿಯೆಟ್ನಾಂ ವಿರುದ್ಧ ನೆರೆಯವರ ಬೆಂಬಲ ಬೇಕಿತ್ತು. ಮೊದಲು ಆ ರೇಡಿಯೊ ನಿಲ್ಲಿಸಿ ಅಂತ ಅಲ್ಲಿನ ಪ್ರಧಾನಿ ಲೀ ಕ್ವಾನ್ ಯೂ ಮುಖಕ್ಕೇ ಹೇಳಿದರು. ಯೋಚನೆ ಮಾಡೋಕೆ ಸಮಯ ಬೇಕು ಅಂದ ದೆಂಗ್, 1926ರಲ್ಲಿ ಮಾಸ್ಕೋದಲ್ಲಿ ಇದೇ ಪಾಠ ಓದಿದ್ದವನು. ಎರಡು ವರ್ಷ ಆದ ಮೇಲೆ ಮಲಯಾ ಪಾರ್ಟಿಯ ಚಿನ್ ಪೆಂಗ್‌ನನ್ನು ಕರೆಸಿ ಮುಚ್ಚಿ ಅಂದ. 1981ರ ಜೂನ್ 30ಕ್ಕೆ ಹುನಾನ್ ಪ್ರಸಾರ ನಿಂತಿತು. ಗೆರಿಲ್ಲಾಗಳು ಥಾಯ್ಲೆಂಡಿನ ಗಡಿಯಲ್ಲಿ ತಮ್ಮದೇ ಒಂದು ಸಣ್ಣ ಟ್ರಾನ್ಸ್‌ಮಿಟರ್ ಇಟ್ಟುಕೊಂಡು, ಹೆಸರು ಬದಲಾಯಿಸಿ, ಮತ್ತೆ ಶುರು ಮಾಡಿದರು.