ಹೊಳೆಯುವ ಸಭಾಂಗಣದಲ್ಲಿ ದುಡಿ ಯಾಕೆ ಮಂಕಾಗುತ್ತದೆ?

ಕೊಡಗಿನ ಐನ್‌ಮನೆಯ (ಕೊಡವ ಮನೆತನದ ಮೂಲಮನೆ) ಕಯ್ಯಾಲೆಯಲ್ಲಿ, ಅಂದರೆ ಜಗಲಿಯಲ್ಲಿ, ಕೂತು ನಾಲ್ವರು ದುಡಿ ಎಂಬ ಪುಟ್ಟ ಚರ್ಮವಾದ್ಯ ಬಡಿದು ಹಾಡಿದರೆ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತದೆ. ಮೊದಲ ಇಬ್ಬರು ಒಂದು ಸಾಲು ಹಾಡುತ್ತಾರೆ, ಉಳಿದಿಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ; ಅಂಗಳದ ಆಚೆ ಬದಿಯಲ್ಲಿ ನಿಂತವರಿಗೂ ಸೊಲ್ಲು ತಿಳಿಯುತ್ತದೆ. ಅದೇ ನಾಲ್ವರು, ಅವೇ ದುಡಿಗಳು, ಹೊಸದಾಗಿ ಕಟ್ಟಿದ ಕಲ್ಯಾಣ ಮಂಟಪದ ವೇದಿಕೆ ಹತ್ತಿದರೆ ಪೆಟ್ಟುಗಳು ಒಂದಕ್ಕೊಂದು ಅಂಟಿಕೊಂಡು ಗುಂಯ್‌ಗುಡುತ್ತವೆ. ಮೈಕ್ ಸೆಟ್‌ನವರು ಸೌಂಡ್ ಏರಿಸುತ್ತಾರೆ, ಹಾಡು ಇನ್ನಷ್ಟು ಕಲಸಿಹೋಗುತ್ತದೆ. ಊಟಕ್ಕೆ ಎದ್ದವರು "ಎಷ್ಟು ಖರ್ಚು ಮಾಡಿ ಕಟ್ಟಿದ್ದಾರೆ, ಆದರೆ ಕಳೆಯೇ ಇಲ್ಲ" ಎನ್ನುತ್ತಾರೆ.

ಈ ದೂರು ಕೊಡಗಿನದಷ್ಟೇ ಅಲ್ಲ. ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್ 1951ರಲ್ಲಿ ತೆರೆದಾಗ ಅಲ್ಲಿನ ನಾದ ಒಣಒಣ ಎಂದು ಸಂಗೀತಗಾರರು ಬೇಸರಪಟ್ಟರು. ನ್ಯೂಯಾರ್ಕಿನಲ್ಲಿ 1962ರಲ್ಲಿ ತೆರೆದ ಫಿಲ್‌ಹಾರ್ಮೋನಿಕ್ ಹಾಲಿನ ಒಳಭಾಗವನ್ನು 1976ರಲ್ಲಿ ಒಡೆದು ಮತ್ತೆ ಕಟ್ಟಿದರು. ಅದೂ ಒಪ್ಪಿಗೆಯಾಗದೆ 2022ರಲ್ಲಿ ಮತ್ತೊಮ್ಮೆ ಹೊಸದಾಗಿ ತೆರೆದರು. ಹಾಗಾದರೆ ಹಳೆಯದೆಲ್ಲ ಚೆನ್ನ, ಹೊಸದೆಲ್ಲ ಸಪ್ಪೆ ಎನ್ನಬಹುದೇ? ಬೇಡ. ಹತ್ತೊಂಬತ್ತನೆಯ ಶತಮಾನದ ಕೆಟ್ಟ ಸಭಾಂಗಣಗಳಲ್ಲಿ ಹೆಚ್ಚಿನವನ್ನು ಜನ ಯಾವತ್ತೋ ಕೆಡವಿ ಹಾಕಿದ್ದಾರೆ, ಉಳಿದಿರುವುದು ಬಹುಪಾಲು ಒಳ್ಳೆಯವು. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ 1871ರದ್ದು, ಹಳೆಯದೇ. ಅದರ ಗುಮ್ಮಟದಿಂದ ಬರುತ್ತಿದ್ದ ಮಾರ್ದನಿಯನ್ನು ತಗ್ಗಿಸಲು ಸುಮಾರು ನೂರು ವರ್ಷ ಕಳೆದ ಮೇಲೆ ಛಾವಣಿಯಿಂದ ಫೈಬರ್‌ಗ್ಲಾಸ್ ಅಣಬೆಗಳಂಥ ತಟ್ಟೆಗಳನ್ನು ತೂಗುಹಾಕಬೇಕಾಯಿತು. ಕಳೆ ಎನ್ನುವುದು ವಯಸ್ಸಿನಿಂದ ಬರುವುದಲ್ಲ. ಅದರ ಬಹುಪಾಲನ್ನು ಅಳೆಯಬಹುದು. ಅಳೆಯಲು ಬರುವುದನ್ನು ಸರಿಪಡಿಸಲೂ ಬರುತ್ತದೆ.

ಮೊದಲ ಅಳತೆಗೆ ಕೈ ಚಪ್ಪಾಳೆಯೇ ಸಾಕು. ಖಾಲಿ ಮಂಟಪದ ನಡುವೆ ನಿಂತು ಒಮ್ಮೆ ಗಟ್ಟಿಯಾಗಿ ತಟ್ಟಿ. "ಟರ್‌ರ್‌ರ್" ಎಂದು ಉದ್ದಕ್ಕೆ ನಡುಗುವ ಸದ್ದು ಬಂದರೆ ಎದುರುಬದುರು ಗೋಡೆಗಳ ನಡುವೆ ಧ್ವನಿ ಟೆನಿಸ್ ಚೆಂಡಿನಂತೆ ಓಡಾಡುತ್ತಿದೆ ಎಂದರ್ಥ. ಗೋಡೆಗಳ ನಡುವೆ 15 ಮೀಟರ್ ಇದ್ದರೆ ಸುಮಾರು 44 ಮಿಲಿಸೆಕೆಂಡಿಗೊಮ್ಮೆ ಒಂದು ಹೊಡೆತ ನಿಮ್ಮನ್ನು ದಾಟುತ್ತದೆ. ನುಣ್ಣಗೆ ಪುಟ್ಟಿ ಹಾಕಿ ಪೇಂಟ್ ಹೊಡೆದ ಗೋಡೆ, ಗಾಜು, ವಿಟ್ರಿಫೈಡ್ ಟೈಲ್ಸ್, ಪಿಒಪಿ ಸೀಲಿಂಗ್ ಇವೆಲ್ಲ ಧ್ವನಿಗೆ ಕನ್ನಡಿಗಳು. ಬಿದ್ದ ಶಬ್ದದಲ್ಲಿ ನೂರಕ್ಕೆ ಎರಡು ಮೂರು ಪಾಲು ಮಾತ್ರ ಇವು ನುಂಗುತ್ತವೆ. ಎದುರಿಗೆ ಗದ್ದೆಬಯಲು, ಮೇಲೆ ಆಕಾಶ ಇರುವ ಐನ್‌ಮನೆಯ ಅಂಗಳವಾದರೋ ಹೋದ ಶಬ್ದವನ್ನು ಹಿಂದಕ್ಕೆ ಕೊಡುವುದೇ ಇಲ್ಲ. ಹತ್ತಿರದ ಮರದ ಹಲಗೆ, ಕೆತ್ತನೆಯ ಕಂಬ, ಹೆಂಚಿನ ಅಡಿಯ ತೊಲೆಗಳಿಂದ ಮಾತ್ರ ಅಷ್ಟಿಷ್ಟು ಮರಳುತ್ತದೆ, ಅದೂ ಚೂರುಚೂರಾಗಿ, ಬೇಗನೆ.

ಈ ಲೆಕ್ಕವನ್ನು ಮೊದಲು ಹಿಡಿದವನು ಹಾರ್ವರ್ಡ್‌ನ ಭೌತವಿಜ್ಞಾನದ ಮೇಷ್ಟ್ರು ವಾಲೇಸ್ ಸೇಬಿನ್. 1895ರಲ್ಲಿ ಅಲ್ಲಿನ ಫಾಗ್ ಮ್ಯೂಸಿಯಂನ ಉಪನ್ಯಾಸ ಕೊಠಡಿಯಲ್ಲಿ ಆಡಿದ ಮಾತು ಐದೂವರೆ ಸೆಕೆಂಡು ಗುಂಯ್ ಎನ್ನುತ್ತಿತ್ತು. ಒಂದು ವಾಕ್ಯ ಮುಗಿಯುವುದರೊಳಗೆ ಅದರ ಮೊದಲ ಪದವೇ ಇನ್ನೂ ಸತ್ತಿರುತ್ತಿರಲಿಲ್ಲ. ಸೇಬಿನ್ ರಾತ್ರಿ ಹೊತ್ತು ಪಕ್ಕದ ರಂಗಮಂದಿರದ ಸೀಟಿನ ಮೆತ್ತೆಗಳನ್ನು ಹೊರಿಸಿ ತಂದು, ಆರ್ಗನ್ ಕೊಳವೆ ಊದಿ, ಸ್ಟಾಪ್‌ವಾಚ್ ಹಿಡಿದು, ಎಷ್ಟು ಮೆತ್ತೆ ಇಟ್ಟರೆ ಗುಂಯ್‌ಗುಡುವಿಕೆ ಎಷ್ಟು ಇಳಿಯುತ್ತದೆ ಎಂದು ಅಳೆದ. ಅದರಿಂದ ಹುಟ್ಟಿದ ಸೂತ್ರ ಇವತ್ತಿಗೂ ನಡೆಯುತ್ತದೆ: ಸಭಾಂಗಣದ ಘನ ಅಳತೆಯನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನ ಕಾಲ, ಅಂದರೆ ಶಬ್ದ 60 ಡೆಸಿಬೆಲ್ ಇಳಿಯಲು ಬೇಕಾದ ಸೆಕೆಂಡು, ಸಿಗುತ್ತದೆ. ಒಂದು ಚದರ ಮೀಟರ್ ತೆರೆದ ಕಿಟಕಿ ಎಂದರೆ ಒಂದು ಪಾಲು ಹೀರಿಕೆ. ಈ ಲೆಕ್ಕದ ಮೇಲೆಯೇ ಬಾಸ್ಟನ್ ಸಿಂಫನಿ ಹಾಲ್ 1900ರಲ್ಲಿ ಎದ್ದಿತು.

ನಮ್ಮ ಮಂಟಪಕ್ಕೆ ಲೆಕ್ಕ ಹಾಕೋಣ. 30 ಮೀಟರ್ ಉದ್ದ, 15 ಅಗಲ, 6 ಎತ್ತರ. ಒಟ್ಟು 2,700 ಘನ ಮೀಟರ್. ನೆಲ, ಗೋಡೆ, ಸೀಲಿಂಗ್ ಸೇರಿ 1,440 ಚದರ ಮೀಟರ್. ನೂರಕ್ಕೆ ಮೂರರಂತೆ ಹೀರಿದರೆ 43 ಪಾಲು, ತೆರೆದ ಬಾಗಿಲು ಕಿಟಕಿಗಳಿಂದ 20 ಪಾಲು, ಒಟ್ಟು 63. ಖಾಲಿ ಇದ್ದಾಗ ಅನುರಣನ ಕಾಲ ಸುಮಾರು 7 ಸೆಕೆಂಡು! ಒಬ್ಬ ಮನುಷ್ಯ, ಬಟ್ಟೆಬರೆ ಸೇರಿ, ಸುಮಾರು 0.45 ಪಾಲು ಹೀರುತ್ತಾನೆ. 300 ಜನ ತುಂಬಿದರೆ 2.2 ಸೆಕೆಂಡಿಗೆ ಇಳಿಯುತ್ತದೆ, 100 ಜನ ಮಾತ್ರ ಬಂದರೆ 4 ಸೆಕೆಂಡಿನಲ್ಲೇ ನಿಲ್ಲುತ್ತದೆ. ಮದುವೆಗೆ ಹೇಗೋ ನಡೆದುಹೋಗುವ ಮಂಟಪ ಸಂಜೆಯ ಕಛೇರಿಗೆ ಒದಗದೆ ಹೋಗುವುದು ಇದಕ್ಕೇ. ಒಳ್ಳೆಯ ಸಭಾಂಗಣಗಳಲ್ಲಿ ಮೆತ್ತೆಯ ಕುರ್ಚಿ ಹಾಕುವುದು ಸುಖಕ್ಕೆ ಮಾತ್ರವಲ್ಲ. ಖಾಲಿ ಕುರ್ಚಿಯೂ ಹೆಚ್ಚುಕಡಿಮೆ ಒಬ್ಬ ಮನುಷ್ಯನಷ್ಟೇ ಶಬ್ದ ಹೀರುವಂತಿದ್ದರೆ ಜನ ಕಡಿಮೆಯಾದರೂ ನಾದ ಬದಲಾಗುವುದಿಲ್ಲ. ಪ್ಲಾಸ್ಟಿಕ್ ಕುರ್ಚಿಗೆ ಆ ಗುಣ ಇಲ್ಲ.

ಹಾಗೆಂದು ಅನುರಣನ ಇಳಿಸಿಬಿಟ್ಟರೆ ಕಳೆ ಬಂದುಬಿಡುತ್ತದೆಯೇ? ಇಲ್ಲ. ತಪ್ಪುಗಳಲ್ಲಿ ಅರ್ಧ ಇಲ್ಲಿಂದಲೇ ಶುರುವಾಗುವುದು. ಗುಂಯ್‌ಗುಡುವಿಕೆಗೆ ಹೆದರಿ ಗೋಡೆಯಿಂದ ಗೋಡೆಗೆ ಕಾರ್ಪೆಟ್, ಸುತ್ತ ದಪ್ಪ ಪರದೆ, ಸೀಲಿಂಗಿಗೆ ಫೋಮ್ ಹಾಕಿದ ಕೊಠಡಿ ಹತ್ತಿಯ ಮೂಟೆಯೊಳಗೆ ಕೂತಂತೆ ಇರುತ್ತದೆ. ಹಾಡುಗಾರನಿಗೆ ತನ್ನ ದನಿ ತನಗೇ ವಾಪಸು ಸಿಗದೆ ಗಂಟಲು ಬೇಗ ಸೋಲುತ್ತದೆ. ಚಪ್ಪಾಳೆ ತಟ್ಟಿದವನಿಗೆ ಪಕ್ಕದ ಸಾಲಿನ ಚಪ್ಪಾಳೆ ಕೇಳಿಸುವುದಿಲ್ಲ, ತಾನೊಬ್ಬನೇ ತಟ್ಟುತ್ತಿದ್ದೇನೆ ಎನ್ನಿಸಿ ಕೈ ತಡೆಯುತ್ತಾನೆ. ಸಭೆಗೆ ಸಭೆಯ ಸದ್ದೇ ಕೇಳದಿದ್ದರೆ ಕಳೆ ಎಲ್ಲಿಂದ ಬರಬೇಕು?

ಕಳೆಯ ಮುಖ್ಯ ಗುಟ್ಟು ಪಕ್ಕದ ಗೋಡೆಗಳಲ್ಲಿದೆ. ವೇದಿಕೆಯಿಂದ ನೇರ ಬಂದ ಶಬ್ದದ ಬೆನ್ನಿಗೇ, ಸುಮಾರು 30 ಮಿಲಿಸೆಕೆಂಡಿನೊಳಗೆ, ಪಕ್ಕದ ಗೋಡೆಗೆ ತಗುಲಿ ಬಂದ ಶಬ್ದವೂ ತಲುಪಿದರೆ ಕಿವಿ ಎರಡನ್ನೂ ಬೇರೆಬೇರೆ ಎಂದು ಎಣಿಸುವುದಿಲ್ಲ. ಒಂದೇ ಶಬ್ದ ಇನ್ನಷ್ಟು ತುಂಬಿಕೊಂಡು, ಅಗಲವಾಗಿ, ಮೈಗೆ ಸುತ್ತಿಕೊಂಡಂತೆ ಕೇಳುತ್ತದೆ. ಎಡಕಿವಿಗೂ ಬಲಕಿವಿಗೂ ತುಸು ಬೇರೆಬೇರೆ ಸದ್ದು ಸಿಗುವುದೇ ಇದಕ್ಕೆ ಕಾರಣ. ಸೀಲಿಂಗಿನಿಂದ ಬಂದ ಶಬ್ದ ಎರಡೂ ಕಿವಿಗೆ ಒಂದೇ ಸಮ ಬೀಳುವುದರಿಂದ ಆ ಅನುಭವ ಕೊಡಲಾರದು. 15 ಮೀಟರ್ ಅಗಲದ ಮಂಟಪದ ನಡುಸಾಲಿನಲ್ಲಿ, ವೇದಿಕೆಯಿಂದ 12 ಮೀಟರ್ ದೂರ ಕೂತವರಿಗೆ ಪಕ್ಕದ ಶಬ್ದ 21 ಮಿಲಿಸೆಕೆಂಡು ತಡವಾಗಿ ಬರುತ್ತದೆ, ಸೊಗಸಾದ ಲೆಕ್ಕ. ಅಗಲ 40 ಮೀಟರ್ ಆದರೆ ಅದೇ ಶಬ್ದ 87 ಮಿಲಿಸೆಕೆಂಡು ಹಿಂದೆ ಬೀಳುತ್ತದೆ. ಆಗ ಅದು ನಾದ ತುಂಬುವ ಬದಲು ಪೆಟ್ಟನ್ನು ಎರಡಾಗಿಸುತ್ತದೆ. ವಿಯೆನ್ನಾದ ಹೆಸರಾಂತ ಸಂಗೀತ ಸಭಾಂಗಣ ಮೂಸಿಕ್‌ಫೆರೈನ್ 1870ರದ್ದು, ಅಗಲ ಸುಮಾರು 19 ಮೀಟರ್ ಅಷ್ಟೇ, ಚಪ್ಪಲಿ ಡಬ್ಬಿಯ ಆಕಾರ. ನ್ಯೂಯಾರ್ಕಿನಲ್ಲಿ ಕೆಟ್ಟದ್ದೂ ಇಲ್ಲಿಯೇ: ಹೆಚ್ಚು ಸೀಟು ಹಿಡಿಸಲು ಹೊರಟು ಮೊದಲು ಯೋಚಿಸಿದ ನೇರ ಆಕಾರವನ್ನೇ ಬಿಟ್ಟರು.

ಇನ್ನು ಹಳೆಯ ಸಭಾಂಗಣದ ಕಂಬ, ಬೊಂಬೆ, ಬಳ್ಳಿಗಳ ಅಲಂಕಾರ. ಕಣ್ಣಿಗೆ ಅಂದ ಎಂದು ಮಾಡಿದ್ದು ಕಿವಿಗೂ ಒದಗಿತು. 1,000 ಹರ್ಟ್ಸ್ ಶಬ್ದದ ಅಲೆ 34 ಸೆಂಟಿಮೀಟರ್ ಉದ್ದ. ಗೋಡೆಯ ಉಬ್ಬುತಗ್ಗು ಅದರ ಕಾಲುಭಾಗ, ಎಂದರೆ 8ರಿಂದ 10 ಸೆಂಟಿಮೀಟರ್ ಆಳವಿದ್ದರೆ, ಅಲ್ಲಿಂದ ಮೇಲಿನ ಸ್ವರಗಳೆಲ್ಲ ಚೂರಾಗಿ ಹತ್ತು ಕಡೆ ಚೆದುರುತ್ತವೆ. ಗೋಡೆಯನ್ನು ನುಣುಪು ಮಾಡುವ ಭರದಲ್ಲಿ ನಾವು ಕಳೆದುಕೊಂಡದ್ದು ಈ ಚೆದುರುವಿಕೆಯನ್ನು. ಹೊಸದರಲ್ಲೂ ಇದನ್ನು ಬೇಕೆಂದೇ ಕಟ್ಟಿಕೊಳ್ಳಬಹುದು. ಹ್ಯಾಂಬರ್ಗ್‌ನಲ್ಲಿ 2017ರಲ್ಲಿ ತೆರೆದ ಎಲ್ಬ್‌ಫಿಲ್‌ಹಾರ್ಮೋನಿಯ ಒಳಗೋಡೆಗೆ ಸುಮಾರು 10,000 ಜಿಪ್ಸಮ್ ಫಲಕಗಳನ್ನು ಒಂದೊಂದನ್ನೂ ಬೇರೆಬೇರೆಯಾಗಿ ಕೊರೆದು ಕೂರಿಸಿದ್ದಾರೆ. ಬರ್ಲಿನ್ನಿನ ಫಿಲ್‌ಹಾರ್ಮೋನಿ (1963) ಇನ್ನೊಂದು ದಾರಿ ಹಿಡಿಯಿತು. ವಾದ್ಯದವರ ಸುತ್ತಲೂ ಸೀಟುಗಳನ್ನು, ನಮ್ಮ ಗುಡ್ಡದ ಬದಿಯ ಮೆಟ್ಟಿಲು ಗದ್ದೆಗಳ ಹಾಗೆ, ಎತ್ತರ ತಗ್ಗಿನ ತುಂಡುಗಳಾಗಿ ಹರಡಿದರು. ಒಂದೊಂದು ಮೆಟ್ಟಿಲಿನ ಬದುವೇ ಹತ್ತಿರದವರಿಗೆ ಪಕ್ಕದ ಗೋಡೆಯ ಕೆಲಸ ಮಾಡುತ್ತದೆ.

ಊರವರು ಸೇರಿ ಹಾಡಿ ಕುಣಿಯುವ ಬಯಲಾದ ಮಂದ್‌ಗೆ ಗೋಡೆಯೇ ಇಲ್ಲವಲ್ಲ, ಅಲ್ಲಿ ಕಳೆ ಹೇಗೆ ಎಂದು ಕೇಳಬಹುದು. ಬಯಲಿನಲ್ಲಿ ದೂರ ಎರಡು ಪಟ್ಟಾದಂತೆಲ್ಲ ಶಬ್ದ 6 ಡೆಸಿಬೆಲ್ ಕುಗ್ಗುತ್ತದೆ. ಅದಕ್ಕೇ ಜನ ಸುತ್ತುವರಿದು ಹತ್ತಿರ ನಿಲ್ಲುತ್ತಾರೆ, ಗೋಡೆ ಮಾಡಬೇಕಾದ್ದನ್ನು ಸಾಮೀಪ್ಯ ಮಾಡುತ್ತದೆ. ಕೊಡಗಿನ ರಾತ್ರಿಗೆ ಇನ್ನೊಂದು ಗುಣವೂ ಇದೆ. ಸುಗ್ಗಿ ಹಬ್ಬ ಪುತ್ತರಿಯ ಹುಣ್ಣಿಮೆಯ ಹೊತ್ತಿಗೆ, ನವೆಂಬರ್ ಡಿಸೆಂಬರ್‌ನಲ್ಲಿ, ಆಕಾಶ ತಿಳಿಯಾಗಿರುತ್ತದೆ, ನೆಲ ಬೇಗ ತಣ್ಣಗಾಗುತ್ತದೆ, ಗದ್ದೆಬಯಲಿನಲ್ಲಿ ತಣ್ಣನೆಯ ಗಾಳಿ ಕೆರೆಯ ನೀರಿನಂತೆ ನಿಲ್ಲುತ್ತದೆ. ಮೇಲಿನ ಬೆಚ್ಚನೆಯ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚು. ಹಾಗಾಗಿ ಮೇಲಕ್ಕೆ ಹೊರಟ ಶಬ್ದ ಬಾಗಿ ಮತ್ತೆ ನೆಲದತ್ತ ಇಳಿಯುತ್ತದೆ. ಕದಿರು ತೆಗೆಯುವಾಗಿನ "ಪೊಲಿ ಪೊಲಿ ದೇವಾ" ಕೂಗು, ಕೋವಿಯ ಸದ್ದು ಗದ್ದೆಯಾಚೆಯ ಮನೆಗೂ ಹತ್ತಿರದಲ್ಲೇ ಎಂಬಂತೆ ಕೇಳುವುದು ಹೀಗೆ. ಹಗಲು ಹೊತ್ತಿನಲ್ಲಿ ಇದು ತಿರುಗುಮುರುಗು. ಶಬ್ದ ಮೇಲಕ್ಕೆ ಬಾಗಿ ಕಳೆದುಹೋಗುತ್ತದೆ.

ಕಟ್ಟಿದ ಮಂಟಪವನ್ನು ಸರಿಪಡಿಸುವುದಕ್ಕೆ ಬರೋಣ. ಮೇಲಿನ ಲೆಕ್ಕದ ಮಂಟಪದಲ್ಲಿ 300 ಜನರಿದ್ದಾಗ 1.2 ಸೆಕೆಂಡು ಬೇಕು ಎಂದಿಟ್ಟುಕೊಂಡರೆ ಇನ್ನೂ 160 ಪಾಲು ಹೀರಿಕೆ ಬೇಕು. 50 ಮಿಲಿಮೀಟರ್ ದಪ್ಪದ ರಾಕ್‌ವುಲ್ (ಕಲ್ಲಿನ ನಾರಿನ ಹಾಸು) ಫಲಕವಾದರೆ ಸುಮಾರು 180 ಚದರ ಮೀಟರ್. ಹಾಕುವ ಜಾಗ ಮುಖ್ಯ. ಮೊದಲು ವೇದಿಕೆಗೆ ಎದುರಿನ ಹಿಂಗೋಡೆ: 30 ಮೀಟರ್ ಹೋಗಿ ಮರಳುವ ಶಬ್ದ 175 ಮಿಲಿಸೆಕೆಂಡು ತಡವಾಗಿ ಬಂದು ತಾಳ ಹಾಕುವವರನ್ನು ದಾರಿ ತಪ್ಪಿಸುತ್ತದೆ. ಬಾಗಿಲು ಬಿಟ್ಟು ಅಲ್ಲಿ 60 ಚದರ ಮೀಟರ್ ಸಿಕ್ಕಿದರೆ, ಉಳಿದ 120 ಸೀಲಿಂಗಿನ ಹಿಂಭಾಗಕ್ಕೆ. ವೇದಿಕೆಯ ಮೇಲಿನ ಸೀಲಿಂಗ್, ವೇದಿಕೆಯ ಹತ್ತಿರದ ಪಕ್ಕದ ಗೋಡೆ ಗಟ್ಟಿಯಾಗಿಯೇ ಇರಲಿ. ಪಕ್ಕದ ಗೋಡೆಗಳ ನಡುಗುವ ಸದ್ದಿಗೆ ಮೆತ್ತೆ ಬೇಡ, ಉಬ್ಬುತಗ್ಗು ಸಾಕು: ತೋಟದಲ್ಲಿ ಸಿಗುವ ಸಿಲ್ವರ್ ಓಕ್ ಪಟ್ಟಿಗಳನ್ನು 5, 10, 15 ಸೆಂಟಿಮೀಟರ್ ಆಳಕ್ಕೆ, ಹುಳ ಹಿಡಿಯದಂತೆ ಔಷಧಿ ಕೊಟ್ಟು, ಅಂತರ ಒಂದೇ ಸಮ ಇಲ್ಲದಂತೆ ಹೊಡೆಯಬೇಕು. ಅಂತರ ಸಮನಾದರೆ ಚಪ್ಪಾಳೆಗೆ "ಚೀಂ" ಎಂಬ ಬೇರೆಯೇ ಸ್ವರ ಹುಟ್ಟುತ್ತದೆ.

ನಮ್ಮ ಮಳೆಗಾಲಕ್ಕೆ ಕೆಲವು ಎಚ್ಚರ. ಜೂನ್‌ನಿಂದ ಗೋಡೆ ಬೆವರುತ್ತದೆ. ಫಲಕವನ್ನು ಗೋಡೆಗೆ ಅಂಟಿಸಿದರೆ ಹಿಂದೆ ಬೂಷ್ಟು ಹಿಡಿಯುವುದು ಖಂಡಿತ. 5 ಸೆಂಟಿಮೀಟರ್ ಗಾಳಿ ಆಡುವಂತೆ ಬಿಟ್ಟು ಕೂರಿಸಿದರೆ ಗೋಡೆಯೂ ಒಣಗುತ್ತದೆ, ಕೆಳಸ್ವರಗಳ ಹೀರಿಕೆಯೂ ಹೆಚ್ಚುತ್ತದೆ. ಹೊದಿಸುವ ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ ನೋಡಿ: ಉಸಿರು ಸಲೀಸಾಗಿ ದಾಟಿದರೆ ಶಬ್ದವೂ ದಾಟುತ್ತದೆ. ಹಬ್ಬಕ್ಕೆಂದು ಅದರ ಮೇಲೆ ಪೇಂಟ್ ಹೊಡೆಯಬಾರದು, ರಂಧ್ರ ಮುಚ್ಚಿ ಫಲಕ ಸತ್ತಂತೆ. ಮೊಟ್ಟೆ ಟ್ರೇ, ತೆಳ್ಳಗಿನ ಫೋಮ್ ತೀಕ್ಷ್ಣ ಸ್ವರಗಳನ್ನಷ್ಟೇ ಹೀರಿ ಡೋಲಿನ ಗುಡುಗನ್ನು ಹಾಗೆಯೇ ಬಿಡುತ್ತವೆ. ಮರ ಹೊದಿಸಿದರೆ ನಾದಕ್ಕೆ ಒಳ್ಳೆಯದು ಎಂದು ಎಲ್ಲ ಗೋಡೆಗೂ ತೆಳು ಪ್ಲೈವುಡ್ ಬಡಿಯುವುದು ಇದರ ವಿರುದ್ಧದ ತಪ್ಪು; ಅದು ಅದುರಿ ಕೆಳಸ್ವರಗಳನ್ನು ನುಂಗಿಬಿಡುತ್ತದೆ. ವಿಯೆನ್ನಾ, ಬಾಸ್ಟನ್‌ಗಳ ಸಭಾಂಗಣಗಳ ಗೋಡೆ, ಛಾವಣಿ ಬಹುಪಾಲು ದಪ್ಪ ಗಾರೆಯವು.

ಶೀಟಿನ ಛಾವಣಿಯಿದ್ದರೆ ಇವೆಲ್ಲಕ್ಕೂ ಮೊದಲು ಅದನ್ನು ನೋಡಬೇಕು. ಹನಿ ಬಿದ್ದಾಗ ಇಡೀ ಶೀಟು ದುಡಿಯ ಚರ್ಮದಂತೆ ಅದುರುತ್ತದೆ. ಸಣ್ಣ ಸಣ್ಣ ತುಂಡುಗಳಾಗಿ ಬಿಡಿಯಾಗಿರುವ ಮಂಗಳೂರು ಹೆಂಚಿನಲ್ಲಿ ಆ ಅದುರು ಹರಡುವುದಿಲ್ಲ. ಶೀಟಿನ ಅಡಿಗೆ ಡಾಂಬರು ಅಂಶದ ದಪ್ಪ ಪಟ್ಟಿ ಅಂಟಿಸಿ, ಕೆಳಗೆ ಅಂತರ ಬಿಟ್ಟು ರಾಕ್‌ವುಲ್, ಅದರ ಕೆಳಗೆ ಭಾರದ ಬೋರ್ಡ್ ಹಾಕಿದರೆ ಆಷಾಢದಲ್ಲೂ ಮಾತು ಕೇಳುತ್ತದೆ. ನಡುವೆ ಗಟ್ಟಿ ಫೋಮ್ ಇರುವ ಹಗುರ ಶೀಟುಗಳು ಬಿಸಿಲಿಗೆ ಒಳ್ಳೆಯವು, ಮಳೆಯ ಸದ್ದಿಗೆ ಅಷ್ಟೇನೂ ಒದಗುವುದಿಲ್ಲ.

ಸ್ಪೀಕರ್‌ಗಳದ್ದು ಚಿಕ್ಕ ಮಾತು. ಸೀಲಿಂಗಿಗೆ, ಖಾಲಿ ಗೋಡೆಗೆ ಮುಖ ಮಾಡದೆ ಜನರ ತಲೆಯತ್ತ ಬಾಗಿಸಬೇಕು. ಹಿಂದಿನ ಸಾಲುಗಳಿಗೆ ಬೇರೆ ಜೋಡಿ ಇಟ್ಟರೆ ಮೀಟರಿನ ದೂರವನ್ನು ಶಬ್ದದ ವೇಗವಾದ 343ರಿಂದ ಭಾಗಿಸಿ ಅಷ್ಟು ತಡ ಕೊಡಬೇಕು. 17 ಮೀಟರಿಗೆ 50 ಮಿಲಿಸೆಕೆಂಡು. ಅದರ ಮೇಲೆ ಇನ್ನೊಂದು 10 ಸೇರಿಸಿದರೆ ದನಿ ಪಕ್ಕದ ಪೆಟ್ಟಿಗೆಯಿಂದಲ್ಲ, ವೇದಿಕೆಯಿಂದಲೇ ಬಂದಂತೆ ಕೇಳುತ್ತದೆ.

ದುಡಿ ಬಡಿದು ಹಾಡುವ ದುಡಿಕೊಟ್ಟ್ ಪಾಟ್‌ಗಾದರೆ ವೇದಿಕೆಯೇ ಬೇಡ. ಹಾಡುವವರನ್ನು ಮಂಟಪದ ಉದ್ದದ ನಡುಭಾಗದಲ್ಲಿ, ಒಂದು ಪಕ್ಕದ ಗೋಡೆಗೆ ಬೆನ್ನು ಮಾಡಿ ಕೂರಿಸಿ, ಗೋಡೆಗೂ ಅವರಿಗೂ ಎರಡು ಮೀಟರ್ ಬಿಟ್ಟು, ಮೂರು ಕಡೆ ಕುರ್ಚಿ ಹಾಕಬೇಕು. ಕೊನೆಯ ಸಾಲೂ 10 ಮೀಟರ್ ದಾಟಬಾರದು. ಬೆನ್ನ ಹಿಂದಿನ ಗೋಡೆಯಿಂದ ದನಿ ಸುಮಾರು 12 ಮಿಲಿಸೆಕೆಂಡಿನಲ್ಲಿ ಮರಳಿ ಹಾಡುವವರ ಕಿವಿಗೆ ಬೀಳುತ್ತದೆ, ಮೊದಲ ಇಬ್ಬರು ಬಿಟ್ಟ ಸಾಲನ್ನು ಎರಡನೆಯ ಜೋಡಿ ತಡವಿಲ್ಲದೆ ಎತ್ತಿಕೊಳ್ಳುತ್ತದೆ, ಮೈಕ್ ಆರಿಸಿಟ್ಟರೂ ಸೊಲ್ಲು ಕೊನೆಯ ಸಾಲಿಗೆ ಮುಟ್ಟುತ್ತದೆ.