ಚೀಟಿ ಕಂಪ್ಯೂಟರಿಗೆ ಬಂತು, ರಿಜಿಸ್ಟರ್ ಮಾತ್ರ ಹೋಗಲಿಲ್ಲ

ಸರ್ಕಾರಿ ಆಸ್ಪತ್ರೆಗೆ ಹೋಗುವವರ ಚೀಲದಲ್ಲಿ ಈಗ ಆಧಾರ್, ಪಡಿತರ ಚೀಟಿ, ಆಯುಷ್ಮಾನ್ ಕಾರ್ಡ್, ಆರೋಗ್ಯ ದಾಖಲೆಗಳನ್ನು ಒಂದೆಡೆ ಜೋಡಿಸಲೆಂದು ಕೊಡುವ 14 ಅಂಕಿಗಳ ಅಭಾ ಸಂಖ್ಯೆ ಎಲ್ಲವೂ ಇರುತ್ತವೆ. ಆದರೂ ವೈದ್ಯರು ಕೇಳುವುದು ಅದೇ ಹಳೆಯ ಪ್ರಶ್ನೆ: "ಹೋದ ಸಲದ ಚೀಟಿ ತಂದಿದ್ದೀರಾ?" ಇಷ್ಟೊಂದು ಪೋರ್ಟಲ್‌ಗಳು ಬಂದ ಮೇಲೂ ಆ ಪ್ರಶ್ನೆ ಏಕೆ ಉಳಿದಿದೆ?

ಕಥೆ ಹಳೆಯದು. ಕ್ಯಾಲಿಫೋರ್ನಿಯಾದ ಎಲ್ ಕಮಿನೊ ಆಸ್ಪತ್ರೆಗೆ 1970ರ ದಶಕದ ಆರಂಭದಲ್ಲೇ ಕಂಪ್ಯೂಟರ್ ಬಂದಿತ್ತು. ಬೆಳಕಿನ ಲೇಖನಿಯನ್ನು ಪರದೆಗೆ ತಾಗಿಸಿದರೆ ಔಷಧದ ಆದೇಶ ಹೋಗುತ್ತಿತ್ತು. ಆಗಲೂ ಹಲವು ವೈದ್ಯರು ಅದಕ್ಕೆ ಸುಲಭವಾಗಿ ಒಗ್ಗಲಿಲ್ಲ. ಲಾಸ್ ಏಂಜಲೀಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆ 2002ರ ಕೊನೆಯಲ್ಲಿ ತಂದ ಇಂಥದ್ದೇ ವ್ಯವಸ್ಥೆಯನ್ನು ವೈದ್ಯರ ಪ್ರತಿಭಟನೆಯಿಂದಾಗಿ ಕೆಲವೇ ತಿಂಗಳಲ್ಲಿ ನಿಲ್ಲಿಸಬೇಕಾಯಿತು. ರೋಗಿಗಳ ದಾಖಲೆಗಳನ್ನು ಕಂಪ್ಯೂಟರಿಗೆ ತರಲು ಬ್ರಿಟನ್ 2002ರಲ್ಲಿ ಆರಂಭಿಸಿದ ರಾಷ್ಟ್ರಮಟ್ಟದ ಯೋಜನೆಯನ್ನು ನೂರಾರು ಕೋಟಿ ಪೌಂಡ್ ಖರ್ಚಾದ ಬಳಿಕ 2011ರಲ್ಲಿ ವಿಸರ್ಜಿಸಲು ನಿರ್ಧರಿಸಿತು.

ನಮ್ಮಲ್ಲಿ ಕಂಪ್ಯೂಟರ್ ಕಾಲಿಟ್ಟಿದ್ದೇ ಹೆಚ್ಚಾಗಿ ವರದಿಯ ಬಾಗಿಲಿನಿಂದ. 2008ರಲ್ಲಿ ಆಸ್ಪತ್ರೆಗಳ ಅಂಕಿಅಂಶಗಳನ್ನು ಮೇಲಕ್ಕೆ ಕಳಿಸುವ ಎಚ್‌ಎಂಐಎಸ್ ಪೋರ್ಟಲ್, 2012ರಲ್ಲಿ ಕ್ಷಯರೋಗಿಗಳ ದಾಖಲೆಗೆ ನಿಕ್ಷಯ್ ಪೋರ್ಟಲ್ ಬಂದವು. 2015ರಲ್ಲಿ ಕೇಂದ್ರ ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿಯ ಆಸ್ಪತ್ರೆ ತಂತ್ರಾಂಶ ಇ-ಹಾಸ್ಪಿಟಲ್‌ಗೆ ಬೆಸೆದ ಆನ್‌ಲೈನ್ ನೋಂದಣಿ, 2021ರ ಸೆಪ್ಟೆಂಬರ್‌ನಲ್ಲಿ ದಾಖಲೆಗಳನ್ನು ಅಭಾ ಸಂಖ್ಯೆಗೆ ಜೋಡಿಸುವ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಸೇರಿಕೊಂಡವು. ಒಂದೊಂದಕ್ಕೂ ಅದರದೇ ಲಾಗಿನ್, ಅದರದೇ ನಮೂನೆ. ಬರೆಯುವ ಕೈಗಳು ಮಾತ್ರ ಅವೇ.

ಆ ಕೈಗಳನ್ನು ನೋಡಲೆಂದೇ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ನಿಂತಿದ್ದೆ. ಕೌಂಟರಿನ ಮುಂದೆ ಒಬ್ಬ ಅಜ್ಜಿ. ಹೆಸರು ಗೌರಮ್ಮ ಎಂದಿಟ್ಟುಕೊಳ್ಳಿ. ಇಂಗ್ಲಿಷಿನಲ್ಲಿ ಆ ಹೆಸರನ್ನು ಮೂರು ಬಗೆಯಲ್ಲಿ ಬರೆಯಬಹುದು. ಹಿಂದಿನ ಸಲ ಕೊಟ್ಟಿದ್ದು ಮೊಮ್ಮಗನ ಮೊಬೈಲ್ ನಂಬರು. ಅವನು ಈಗ ಅದನ್ನು ಬದಲಾಯಿಸಿದ್ದಾನೆ. ಆಪರೇಟರ್ ಎರಡು ಬಾರಿ ಹುಡುಕಿದಳು. ಸಾಲು ಬಾಗಿಲು ದಾಟಿ ಮರದ ನೆರಳಿನವರೆಗೆ ಬೆಳೆದಿತ್ತು. "ಇರಲಿ ಅಜ್ಜಿ, ಹೊಸದೇ ಮಾಡಿಕೊಡುತ್ತೇನೆ" ಎಂದಳು. ಆ ಕ್ಷಣಕ್ಕೆ ಅಜ್ಜಿಯ ಸಕ್ಕರೆ ಕಾಯಿಲೆಯ ಚರಿತ್ರೆ ಎರಡು ಹೋಳಾಯಿತು. ಆ ಹುಡುಗಿಯದು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಒಬ್ಬರಿಗೆ ಒಂದು ನಿಮಿಷವೂ ಸಿಗದ ಕೆಲಸ ಅದು.

ವಾರ್ಡಿನಲ್ಲಿ ಇನ್ನೊಂದು ದೃಶ್ಯ. ನರ್ಸ್ ರಕ್ತದೊತ್ತಡವನ್ನು ಮೊದಲು ಕೇಸ್ ಶೀಟಿಗೆ, ಆಮೇಲೆ ರಿಜಿಸ್ಟರಿಗೆ, ಪಾಳಿ ಮುಗಿಯುವ ಹೊತ್ತಿಗೆ ಕಂಪ್ಯೂಟರಿಗೆ ಏರಿಸುತ್ತಾರೆ. ಬೆಳಗ್ಗೆ ಆರರ ಅಳತೆ ಪರದೆಯ ಮೇಲೆ ಕಾಣುವಾಗ ಮಧ್ಯಾಹ್ನ. ಅಷ್ಟರಲ್ಲಿ ವೈದ್ಯರ ರೌಂಡ್ಸ್ ಮುಗಿದಿರುತ್ತದೆ, ಅವರು ನೋಡಿದ್ದು ಕಾಗದವನ್ನೇ. ಅದೇ ವೈದ್ಯರು ಲ್ಯಾಬ್ ವರದಿಯನ್ನು ಮಾತ್ರ ಕಂಪ್ಯೂಟರಿನಲ್ಲೇ ತೆರೆಯುತ್ತಾರೆ, ಯಾರೂ ಒತ್ತಾಯಿಸಬೇಕಿಲ್ಲ. ಯಂತ್ರದಿಂದ ನೇರವಾಗಿ ಬಂದ ಅಂಕಿ, ಕಾಯುವ ಕೆಲಸ ಉಳಿಸಿದ ಅಂಕಿ. ಬರೆದವರಿಗೋ ನೋಡುವವರಿಗೋ ಅಂದೇ ಉಪಯೋಗಕ್ಕೆ ಬರುವ ಮಾಹಿತಿ ತಾನಾಗಿ ಸರಿಯಾಗುತ್ತದೆ, ಮೇಲಕ್ಕೆ ಕಳಿಸಲೆಂದೇ ತುಂಬಿದ್ದು ಸೊರಗುತ್ತದೆ ಎಂದು ನನಗೆ ಅಲ್ಲಿ ಅನ್ನಿಸಿತು.

ಹಾಗಾದರೆ ರಿಜಿಸ್ಟರನ್ನು ಎತ್ತಿಡಬಾರದೇ ಎಂದು ಕೇಳಿದೆ. "ಸರ್ವರ್ ನಿಂತರೆ ರಾತ್ರಿ ಪಾಳಿಯವರಿಗೆ ಏನು ತೋರಿಸಲಿ?" ಎಂದು ನರ್ಸ್ ತಿರುಗಿ ಕೇಳಿದರು. ಆ ಭಯ ಸುಳ್ಳಲ್ಲ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಮೇಲೆ ಸೈಬರ್ ದಾಳಿಯಾಗಿ ಐದು ಸರ್ವರ್‌ಗಳಿಗೆ ಬೀಗ ಬಿತ್ತು. ಸುಮಾರು ಎರಡು ವಾರ ಹೊರರೋಗಿ ನೋಂದಣಿ, ದಾಖಲಾತಿ, ಲ್ಯಾಬ್ ವರದಿಗಳೆಲ್ಲ ಕೈಬರಹದಲ್ಲಿ ನಡೆದವು. ದೇಶದ ಅತಿ ದೊಡ್ಡ ಆಸ್ಪತ್ರೆಗಳಲ್ಲೊಂದನ್ನು ಆಗ ನಡೆಸಿದ್ದು ಪೆನ್ನು, ಕಾಗದ ಮತ್ತು ಅವನ್ನು ಹಿಡಿಯಬಲ್ಲ ಸಿಬ್ಬಂದಿ.

ಅದೇ ವರ್ಷ ಬಂದ ಕ್ಯೂಆರ್ ಕೋಡ್ ನೋಂದಣಿ ಸಾಲನ್ನು ಕರಗಿಸುವ ಒಳ್ಳೆಯ ಉಪಾಯ. ರೋಗಿಯೇ ಸ್ಕ್ಯಾನ್ ಮಾಡಿದರೆ ಹೆಸರು, ವಯಸ್ಸು ತಪ್ಪಿಲ್ಲದೆ ಕೌಂಟರ್ ಸೇರುತ್ತವೆ. ಆದರೆ ಗೌರಮ್ಮನ ಕೈಯಲ್ಲಿ ಸ್ಮಾರ್ಟ್‌ಫೋನ್ ಇರಬೇಕು. 2023ರ ಜನವರಿಯಲ್ಲಿ ಕೇಂದ್ರವು ಆಸ್ಪತ್ರೆಗಳಿಗೆ ಡಿಜಿಟಲ್ ಪ್ರೋತ್ಸಾಹಧನದ ಯೋಜನೆಯನ್ನೂ ಆರಂಭಿಸಿತು. ಎಷ್ಟು ದಾಖಲೆಗಳು ಅಭಾ ಸಂಖ್ಯೆಗೆ ಜೋಡಣೆಯಾದವು ಎಂಬುದರ ಮೇಲೆ ಅದರ ಲೆಕ್ಕ. ಜೋಡಿಸಿದ ದಾಖಲೆಯನ್ನು ಮುಂದಿನ ವೈದ್ಯರು ತೆರೆದು ನೋಡಿದರೇ ಎಂದು ಕೇಳುವವರನ್ನು ನಾನು ಆ ಆಸ್ಪತ್ರೆಯಲ್ಲಿ ಕಾಣಲಿಲ್ಲ.