ರಾವಣನಿಗೂ ಒಂದು ಕಾಲವಿತ್ತು

2022ರ ಅಕ್ಟೋಬರಿನಲ್ಲಿ ರಾಮಾಯಣದ ಕಥೆಯ 'ಆದಿಪುರುಷ್' ಸಿನಿಮಾದ ಟೀಸರ್ ಬಂದಾಗ ಜನ ಜಾಸ್ತಿ ಸಿಟ್ಟಾಗಿದ್ದು ರಾವಣನನ್ನು ನೋಡಿ. ಗಿಡ್ಡ ಕೂದಲು, ಗಡ್ಡ, ಕಣ್ಣಿಗೆ ಕಾಡಿಗೆ. ದಿಲ್ಲಿ ಸುಲ್ತಾನ ಖಿಲ್ಜಿ ಇದ್ದ ಹಾಗಿದ್ದಾನೆ ಎಂದು ಕೆಲವರು ಗಲಾಟೆ ಎಬ್ಬಿಸಿದರು. ನಟಿ, ಬಿಜೆಪಿ ವಕ್ತಾರೆ ಮಾಳವಿಕಾ ಅವಿನಾಶ್ ಆಗ ನಿರ್ದೇಶಕರಿಗೆ ನೆನಪಿಸಿದ್ದು 'ಭೂಕೈಲಾಸ' ಚಿತ್ರದಲ್ಲಿ ರಾವಣನಾಗಿದ್ದ ರಾಜಕುಮಾರ್ ಅವರನ್ನು. ಗಲಾಟೆಯ ರಾಜಕೀಯ ಏನೇ ಇರಲಿ, ಆ ಒಂದು ಮಾತಿನಲ್ಲಿ ವಿಷಯವಿತ್ತು.

'ಭೂಕೈಲಾಸ' ನಮ್ಮ ಕಂಪನಿ ನಾಟಕದ ಕೂಸು. 1940ರಲ್ಲೇ ನಿರ್ಮಾಪಕ ಎ.ವಿ. ಮೇಯಪ್ಪನ್ ಅದನ್ನು ತೆಲುಗಿನಲ್ಲಿ ಸಿನಿಮಾ ಮಾಡಿದರು. ರಾವಣನಾಗಿದ್ದವರು ಮಾತ್ರ ಕನ್ನಡದ ಸುಬ್ಬಯ್ಯ ನಾಯ್ಡು. 1958ರಲ್ಲಿ ಮತ್ತೆ ಬಂದಾಗ ಕನ್ನಡದಲ್ಲಿ ರಾಜಕುಮಾರ್, ತೆಲುಗಿನಲ್ಲಿ ಎನ್‌ಟಿಆರ್. ಕಥೆ ಗೊತ್ತಲ್ವಾ? ತಾಯಿಯ ಪೂಜೆಗಾಗಿ ಆತ್ಮಲಿಂಗ ತರಲು ಹೊರಟ ಮಗ, ಗೋಕರ್ಣದಲ್ಲಿ ಮೋಸಹೋಗುತ್ತಾನೆ. ಅಲ್ಲಿ ರಾವಣ ಖಳನಲ್ಲ. ತಪ್ಪು ಮಾಡುವ ದೊಡ್ಡ ಮನುಷ್ಯ. ನೋಡುವವರ ಕರುಳು ಚುರ್ ಎನ್ನುವುದು ಅವನಿಗಾಗಿ. ತಮಾಷೆಯೆಂದರೆ, 'ರಾಮನ ಅವತಾರ' ಹಾಡು ನಮಗೆ ಸಿಕ್ಕಿದ್ದೂ ಈ ರಾವಣನ ಸಿನಿಮಾದಿಂದಲೇ.

ಇದು ಸುಮ್ನೆ ಸ್ಟಾರ್‌ಗಿರಿ ಅಲ್ಲ. ನಾಗಚಂದ್ರನ ಜೈನ ರಾಮಾಯಣದ ರಾವಣ ಪಶ್ಚಾತ್ತಾಪ ಪಡುತ್ತಾನೆ. ರನ್ನನ ದುರ್ಯೋಧನ ಸಾಯುವ ಹೊತ್ತಿಗೆ ನಮ್ಮವನಾಗಿರುತ್ತಾನೆ. ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಂತೂ ಎದುರಾಳಿಯ ವಾದ ಗಟ್ಟಿಯಿಲ್ಲದಿದ್ದರೆ ಪ್ರಸಂಗವೇ ಸಪ್ಪೆ. ಹಾಗಾಗಿ ಈ ಪಾತ್ರಗಳು ದೊಡ್ಡ ನಟರಿಗೇ ಹೋದವು. 1961ರ 'ಸೀತಾರಾಮ ಕಲ್ಯಾಣಂ' ಎನ್‌ಟಿಆರ್ ಅವರೇ ನಿರ್ದೇಶಿಸಿದ ಚಿತ್ರ. ಅದರಲ್ಲಿ ಅವರು ರಾವಣನನ್ನು ತಾವು ಇಟ್ಟುಕೊಂಡು ರಾಮನ ಪಾತ್ರವನ್ನು ಹರನಾಥ್‌ಗೆ ಕೊಟ್ಟರು! ಎರಡೇ ವರ್ಷಕ್ಕೆ 'ಲವಕುಶ'ದಲ್ಲಿ ರಾಮನಾದರು. ಜನ ಎರಡಕ್ಕೂ ಕೈಮುಗಿದರು. 1983ರ 'ಭಕ್ತ ಪ್ರಹ್ಲಾದ'ದಲ್ಲಿ ರಾಜಕುಮಾರ್ ಹಿರಣ್ಯಕಶಿಪು, ಪ್ರಹ್ಲಾದ ಅವರ ಸ್ವಂತ ಮಗ ಪುನೀತ್. ಆ ಅಪ್ಪನನ್ನು ಪೂರ್ತಿ ದ್ವೇಷಿಸಿದವರು ಎಷ್ಟು ಜನ?

ಆಮೇಲೆ ಟಿವಿ ಬಂತು. 1987ರ ಜನವರಿಯಲ್ಲಿ ರಾಮಾನಂದ ಸಾಗರ್ ಅವರ 'ರಾಮಾಯಣ' ಶುರುವಾಯಿತು. ಭಾನುವಾರ ಬೆಳಗ್ಗೆ ಬೀದಿಗಳೇ ಖಾಲಿ. ಅರವಿಂದ್ ತ್ರಿವೇದಿ ಅವರ ರಾವಣ ಚೆನ್ನಾಗಿಯೇ ಗರ್ಜಿಸಿದ. ಆದರೆ ಇಡೀ ದೇಶಕ್ಕೆ ಒಂದೇ ರಾಮಾಯಣ ಕಾಣಿಸತೊಡಗಿತು. ಎಷ್ಟೋ ರಾಮಾಯಣಗಳಿರುವ ನಾಡಿನಲ್ಲಿ ಇದು ಸರಿಯೇ ಎಂದು ಇತಿಹಾಸಕಾರ್ತಿ ರೋಮಿಲಾ ಥಾಪರ್ ಕೇಳಿದರು. ಇನ್ನೂ ಜೋರಾಗಿ ಕೇಳಿದವರು ಉತ್ತರ ಭಾರತದ ಪೌರಕಾರ್ಮಿಕರು. ವಾಲ್ಮೀಕಿಯನ್ನು ತಮ್ಮವನೆಂದು ನಂಬುವ ಅವರು, ಅವನ ಆಶ್ರಮದ ಕಥೆ ಬಾರದೆ ಧಾರಾವಾಹಿ ಮುಗಿಯಬಾರದೆಂದು 1988ರಲ್ಲಿ ಪೊರಕೆ ಕೆಳಗಿಟ್ಟರು. ಕಸ ರಾಶಿ ಬಿತ್ತು. ಆ ಆಶ್ರಮದ ಕಥೆಯಿರುವ ಉತ್ತರಕಾಂಡವೂ ತೆರೆಗೆ ಬಂತು. ಇದರಲ್ಲಿ ನಮ್ಮವರು ಎಲ್ಲಿದ್ದಾರೆ ಎಂಬ ಪ್ರಶ್ನೆ ನೇರವಾಗಿ ಬೀದಿಗಿಳಿದ ಸಂದರ್ಭ ಅದು.

2023ರ ಜೂನ್‌ನಲ್ಲಿ 'ಆದಿಪುರುಷ್' ತೆರೆಗೆ ಬಂದ ಮೇಲೆ ಸಿಟ್ಟು ಹನುಮಂತನ ಬೀದಿಮಾತಿನ ಕಡೆ ತಿರುಗಿತು. ಸಂಭಾಷಣೆ ಬದಲಾಯಿಸಿದರು. ರಾವಣನ ವಿಷಯ ಅಲ್ಲಿಗೇ ಬಿಟ್ಟುಹೋಯಿತು. ನನ್ನ ಪ್ರಕಾರ ತೊಂದರೆ ಇದ್ದಿದ್ದು ಅವನ ಗಡ್ಡದಲ್ಲಲ್ಲ. ಅವನಿಗೆ ಹೇಳಲು ಒಂದು ಮಾತೂ ಇರಲಿಲ್ಲ.

ಈಗ ನಿತೇಶ್ ತಿವಾರಿ ಅವರ 'ರಾಮಾಯಣ' ಸಿನಿಮಾದಲ್ಲಿ ರಾವಣ ನಮ್ಮ ಯಶ್. ರಾಜಕುಮಾರ್ ಹಾಕಿದ್ದ ವೇಷ ಮತ್ತೆ ಒಬ್ಬ ಕನ್ನಡದ ನಟನ ಪಾಲಿಗೆ ಬಂದಿದೆ, ಈ ಸಲ ಹಿಂದಿಯಲ್ಲಿ.